ತಾಳ ಹಿಡಿದವರ ಹೆಸರು ಕವರಿನ ಮೇಲೆ ಇರಲಿಲ್ಲ

ಇದನ್ನು ಓದುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮಗೆ ಇಷ್ಟವಾದ ಯಾವುದಾದರೂ ಹಳೆಯ ಸಿನಿಮಾ ಹಾಡನ್ನು ಮೊಬೈಲಿನ ಸ್ಪೀಕರಿನಲ್ಲೇ ಹಾಕಿ ಕೇಳಿ. ಆಮೇಲೆ ಅದೇ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಎರಡನೇ ಸಲ ಹಾಡಿನ ಅಡಿಯಲ್ಲಿ ದಪ್ಪ ದನಿಯೊಂದು ಮೆಲ್ಲಗೆ ನಡೆದುಕೊಂಡು ಹೋಗುವುದು ಕೇಳಿಸುತ್ತದೆ. ಮೊದಲ ಸಲ ಅದು ಇರಲೇ ಇಲ್ಲ ಅನ್ನಿಸಿರುತ್ತದೆ. ಹಾಡು ಅದೇ, ಗಾಯಕರು ಅವರೇ. ಆದರೆ ಎರಡನೇ ಸಲ ಹಾಡು ನೆಲಕ್ಕೆ ಕಾಲೂರಿ ನಿಂತ ಹಾಗೆ ಇರುತ್ತದೆ.

ಆ ದಪ್ಪ ದನಿ ಬಹಳಷ್ಟು ಹಾಡುಗಳಲ್ಲಿ ಬೇಸ್ ಗಿಟಾರಿನದು. ನಾಲ್ಕೇ ತಂತಿ. ಅದರಲ್ಲಿ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರವನ್ನು ಹೊರಡಿಸುವ ಶಕ್ತಿ ಮೊಬೈಲಿನ ಪುಟ್ಟ ಸ್ಪೀಕರಿಗೆ ಇಲ್ಲ. ಹೀಗಾಗಿ ಇವತ್ತು ನಾವು ಕೇಳುವ ಅರ್ಧಕ್ಕರ್ಧ ಸಂಗೀತದಲ್ಲಿ ಬೇಸ್ ನುಡಿಸಿದವರ ಕೆಲಸ ನಮ್ಮ ಕಿವಿಗೆ ತಲುಪುವುದೇ ಇಲ್ಲ.

ಕೆಲಸ ತಲುಪದಿದ್ದರೆ ಅದು ಸ್ಪೀಕರಿನ ತೊಂದರೆ. ಹೆಸರೂ ತಲುಪಲಿಲ್ಲ ಎಂದರೆ ಅದು ಬೇರೆ ಕಥೆ. ಇವತ್ತು ಹೇಳಹೊರಟಿರುವುದು ಆ ಕಥೆಯನ್ನು. ಜೊತೆಗೆ, ಈ ವಾದಕರು ಲಯವನ್ನು ಹೇಗೆ ಕಲಿತರು, ನಾವು ಅವರಿಂದ ಏನು ಕಲಿಯಬಹುದು ಎಂಬುದನ್ನೂ.

ಕಿವಿ ಕೆಳಗಿನ ದನಿಯನ್ನೇ ನಂಬುತ್ತದೆ

ಮೊದಲು ಒಂದು ಪ್ರಶ್ನೆ. ತಾಳ ಹಿಡಿಯುವ ಕೆಲಸ ದಪ್ಪ ದನಿಯ ವಾದ್ಯಕ್ಕೇ ಏಕೆ ಬರುತ್ತದೆ? ನಮ್ಮ ಡೊಳ್ಳು ನೋಡಿ, ತಮಟೆ ಮೇಳದ ದೊಡ್ಡ ವಾದ್ಯಗಳನ್ನು ನೋಡಿ. ಕುಣಿಯುವವರ ಕಾಲು ಆ ದಪ್ಪ ಹೊಡೆತಕ್ಕೇ ಬೀಳುತ್ತದೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರಿಗೆ ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ ಎರಡನ್ನೂ ಒಟ್ಟಿಗೆ, ಒಂದೇ ಸಮನಾಗಿ ಕೇಳಿಸಿದರು. ನಡುನಡುವೆ ಎರಡರಲ್ಲಿ ಒಂದು ಸ್ವರವನ್ನು 50 ಮಿಲಿಸೆಕೆಂಡ್ ಬೇಗ ಬರುವಂತೆ ಮಾಡಿದರು. ಒಂದು ಸೆಕೆಂಡನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅಷ್ಟೇ. ಮೇಲಿನ ಸ್ವರ ಬೇಗ ಬಂದಾಗ ಮಿದುಳು ತೋರಿದ ಪ್ರತಿಕ್ರಿಯೆಗಿಂತ ಕೆಳಗಿನ ಸ್ವರ ಬೇಗ ಬಂದಾಗ ತೋರಿದ ಪ್ರತಿಕ್ರಿಯೆ ಜೋರಾಗಿತ್ತು. ಬೆರಳಲ್ಲಿ ತಾಳ ಹಾಕಲು ಹೇಳಿದಾಗಲೂ ಬೆರಳು ಹೆಚ್ಚಾಗಿ ಕೆಳಗಿನ ಸ್ವರದ ಹಿಂದೆಯೇ ಹೋಯಿತು.

ಅಂದರೆ ಗಾಯಕ ಸ್ವಲ್ಪ ಮುಂದೆ ಹಿಂದೆ ಹಾಡಿದರೆ ನಾವು ಅದನ್ನು ಭಾವ ಎನ್ನುತ್ತೇವೆ. ಬೇಸ್ ನುಡಿಸುವವರು ಅಷ್ಟೇ ತಪ್ಪಿದರೆ ಹಾಡೇ ಅಲುಗಾಡಿದ ಹಾಗೆ ಆಗುತ್ತದೆ. ಏನು ತಪ್ಪಾಯಿತು ಎಂದು ಕೇಳುಗರಿಗೆ ಹೇಳಲು ಬರುವುದಿಲ್ಲ, ಆದರೆ ಕಾಲು ನಿಂತುಬಿಡುತ್ತದೆ.

ಗಿಟಾರ್ ನುಡಿಸಲು ಬಾರದವನು ಮಾಡಿದ ಗಿಟಾರ್

1950ರವರೆಗೆ ಅಮೆರಿಕದ ಜಾಝ್ ಮತ್ತು ನೃತ್ಯ ತಂಡಗಳಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಆಳೆತ್ತರದ ಡಬಲ್ ಬೇಸ್. ನಿಂತುಕೊಂಡು ಅಪ್ಪಿಕೊಂಡು ನುಡಿಸಬೇಕು. ಕಾರಿನ ಮೇಲೆ ಕಟ್ಟಿ ಒಯ್ಯಬೇಕು. ಇಷ್ಟೆಲ್ಲ ಮಾಡಿದರೂ ಡ್ರಮ್ ಮತ್ತು ಎಲೆಕ್ಟ್ರಿಕ್ ಗಿಟಾರಿನ ಗದ್ದಲದಲ್ಲಿ ಅದರ ದನಿ ಕೇಳುತ್ತಿರಲಿಲ್ಲ. ಅದರ ಕತ್ತಿನ ಮೇಲೆ ವೀಣೆಯಲ್ಲಿರುವಂಥ ಮೆಟ್ಟಿಲುಗಳೂ ಇಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ.

ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಲ್ಲಿ ಲಿಯೊ ಫೆಂಡರ್ ಎಂಬ ರೇಡಿಯೊ ರಿಪೇರಿ ಮಾಡುವವರು ಇದ್ದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ವಾದಕರು ಬಂದು ಹೇಳುವ ತೊಂದರೆಗಳನ್ನು ಕೇಳಿಸಿಕೊಂಡು ಅದಕ್ಕೆ ತಕ್ಕಂತೆ ವಾದ್ಯ ಮಾಡುತ್ತಿದ್ದರು. 1951ರಲ್ಲಿ ಅವರು ಹೆಗಲಿಗೆ ತೂಗುಹಾಕಿಕೊಳ್ಳುವ, ಮೆಟ್ಟಿಲುಗಳಿರುವ, ವಿದ್ಯುತ್ತಿನಿಂದ ದನಿ ಹೆಚ್ಚಿಸುವ ಬೇಸ್ ಗಿಟಾರ್ ಮಾರುಕಟ್ಟೆಗೆ ಬಿಟ್ಟರು. ಹೆಸರು ಪ್ರಿಸಿಷನ್ ಬೇಸ್, ಅಂದರೆ ಕರಾರುವಾಕ್ಕಾದ ಬೇಸ್. ಮೆಟ್ಟಿಲುಗಳಿಂದಾಗಿ ಸ್ವರ ಸರಿಯಾಗಿ ಬೀಳುತ್ತದೆ ಎಂಬುದೇ ಆ ಹೆಸರಿನ ಅರ್ಥ.

ಇದಕ್ಕೂ ಮೊದಲು, 1930ರ ದಶಕದಲ್ಲೇ, ಸಿಯಾಟಲ್‌ನ ಪಾಲ್ ಟುಟ್ಮಾರ್ಕ್ ಇಂಥದ್ದೇ ಒಂದು ವಾದ್ಯ ಮಾಡಿದ್ದರು. ಅದು ಹೆಚ್ಚು ಮಾರಾಟವಾಗಲಿಲ್ಲ. ಫೆಂಡರ್ ಅವರದ್ದು ಮಾರಾಟವಾಯಿತು.

ಮೆಟ್ಟಿಲು ಸ್ವರವನ್ನು ಕರಾರುವಾಕ್ಕು ಮಾಡಬಲ್ಲದು. ಆ ಸ್ವರ ಯಾವ ಕ್ಷಣಕ್ಕೆ ಬೀಳಬೇಕು ಎಂಬುದನ್ನು ಹೇಳಿಕೊಡುವ ಮೆಟ್ಟಿಲು ಇಲ್ಲ. ಅದನ್ನು ಮನುಷ್ಯರೇ ಕಲಿಯಬೇಕಿತ್ತು. ಚೆನ್ನಾಗಿ ಕಲಿತವರಲ್ಲಿ ಒಬ್ಬರು ಜೇಮ್ಸ್ ಜೇಮರ್ಸನ್.

ಇರುವೆ ಕುಣಿಸಿದ ಹುಡುಗ

ಜೇಮರ್ಸನ್ ಹುಟ್ಟಿದ್ದು 1936ರ ಜನವರಿ 29ರಂದು, ಅಮೆರಿಕದ ದಕ್ಷಿಣದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಕಡೆಯ ಕಡಲ ಸೀಮೆಯಲ್ಲಿ. ಬಾಲ್ಯದ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಹುಡುಗ ಒಂದು ಕೋಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಕೋಲನ್ನು ಇರುವೆ ಗೂಡಿನಲ್ಲಿ ನೆಟ್ಟು, ರಬ್ಬರ್ ಮೀಟುತ್ತಿದ್ದನಂತೆ. ಇರುವೆಗಳನ್ನು ಕುಣಿಸುತ್ತಿದ್ದೇನೆ ಎಂದು ಹೇಳುತ್ತಿದ್ದನಂತೆ.

1954ರಲ್ಲಿ ತಾಯಿಯ ಜೊತೆ ಉತ್ತರದ ಡೆಟ್ರಾಯಿಟ್ ನಗರಕ್ಕೆ ಬಂದರು. ದಕ್ಷಿಣದ ಹಳ್ಳಿಗಳಿಂದ ಲಕ್ಷಾಂತರ ಕಪ್ಪು ಜನ ಕೆಲಸ ಹುಡುಕಿಕೊಂಡು ಉತ್ತರದ ಕಾರ್ಖಾನೆ ಊರುಗಳಿಗೆ ವಲಸೆ ಹೋಗುತ್ತಿದ್ದ ಕಾಲ ಅದು. ನಮ್ಮ ಉತ್ತರ ಕರ್ನಾಟಕದ ಬಸ್ಸುಗಳು ಬೆಂಗಳೂರಿಗೆ, ಗೋವಾಕ್ಕೆ ಜನರನ್ನು ಹೊತ್ತೊಯ್ದ ಹಾಗೆಯೇ. ಡೆಟ್ರಾಯಿಟ್ ಕಾರುಗಳ ಊರು. ಅಲ್ಲಿನ ನಾರ್ತ್‌ವೆಸ್ಟರ್ನ್ ಹೈಸ್ಕೂಲಿನಲ್ಲಿ ಜೇಮರ್ಸನ್ ಡಬಲ್ ಬೇಸ್ ಕಲಿತರು. ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ನುಡಿಸತೊಡಗಿದರು.

ಅದೇ ಊರಲ್ಲಿ ಬೆರ್ರಿ ಗಾರ್ಡಿ ಎಂಬ ಯುವಕ ಕಾರ್ ಕಾರ್ಖಾನೆಯಲ್ಲಿ ದುಡಿದು, ಕೆಲಸ ಬಿಟ್ಟು, ಹಾಡು ಬರೆಯುತ್ತಿದ್ದರು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ರೆಕಾರ್ಡ್ ಕಂಪನಿ ಶುರು ಮಾಡಿದರು. ಅದೇ ಮುಂದೆ ಮೋಟೌನ್ ಎಂದು ಹೆಸರಾಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ 2648ನೇ ನಂಬರಿನ ಮನೆಯೇ ಆಫೀಸು, ಅಲ್ಲೇ ಸ್ಟುಡಿಯೋ. ಕಾರ್ಖಾನೆಯಲ್ಲಿ ಬರೀ ಚೌಕಟ್ಟು ಒಂದು ತುದಿಯಿಂದ ಹೊರಟು, ಇನ್ನೊಂದು ತುದಿಯಲ್ಲಿ ಹೊಸ ಕಾರಾಗಿ ಹೊರಬರುವುದನ್ನು ಗಾರ್ಡಿ ನೋಡಿದ್ದರು. ಹಾಡುಗಳನ್ನೂ ಹಾಗೇ ತಯಾರಿಸಬೇಕು ಎಂಬುದು ಅವರ ಆಲೋಚನೆ. ಒಬ್ಬರು ಬರೆಯುವುದು, ಒಬ್ಬರು ಹಾಡುವುದು, ಕೆಳಗೆ ಸ್ಟುಡಿಯೋದಲ್ಲಿ ಅದೇ ಒಂದು ಬಳಗ ಎಲ್ಲರಿಗೂ ನುಡಿಸುವುದು.

ಆ ಬಳಗವನ್ನು ಫಂಕ್ ಬ್ರದರ್ಸ್ ಎಂದು ಕರೆಯುತ್ತಾರೆ. ಡ್ರಮ್ಮಿನಲ್ಲಿ ಬೆನ್ನಿ ಬೆಂಜಮಿನ್, ಕೀಬೋರ್ಡಿನಲ್ಲಿ ಅರ್ಲ್ ವ್ಯಾನ್ ಡೈಕ್, ಗಿಟಾರಿನಲ್ಲಿ ರಾಬರ್ಟ್ ವೈಟ್ ಮತ್ತಿತರರು, ಟ್ಯಾಂಬೊರಿನ್ ಹಿಡಿದು ಜ್ಯಾಕ್ ಆಶ್‌ಫರ್ಡ್. ಬೇಸ್ ಜೇಮರ್ಸನ್. ಆ ಇಕ್ಕಟ್ಟಿನ ಸ್ಟುಡಿಯೋವನ್ನು ಅವರು ಹಾವಿನ ಗುಂಡಿ ಎಂದು ಕರೆಯುತ್ತಿದ್ದರು.

ಒಂದೇ ಬೆರಳು

ಜೇಮರ್ಸನ್ ಹೆಚ್ಚಾಗಿ ನುಡಿಸಿದ್ದು 1962ರ ಒಂದು ಪ್ರಿಸಿಷನ್ ಬೇಸ್. ದಪ್ಪ ತಂತಿ. ಅದನ್ನು ಬದಲಾಯಿಸುತ್ತಲೇ ಇರಲಿಲ್ಲ ಎನ್ನಬಹುದು. ಬೇರೆ ವಾದಕರು ಎರಡು ಬೆರಳಲ್ಲಿ ಮೀಟುತ್ತಿದ್ದರೆ ಇವರು ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ಡಬಲ್ ಬೇಸಿನಿಂದ ಬಂದ ಅಭ್ಯಾಸ ಅದು. ಆ ಬೆರಳಿಗೆ ಗೆಳೆಯರು ಕೊಕ್ಕೆ ಎಂದು ಅಡ್ಡಹೆಸರಿಟ್ಟಿದ್ದರು.

ಒಂದೇ ಬೆರಳಾದ್ದರಿಂದ ಪ್ರತಿ ಸ್ವರಕ್ಕೂ ಒಂದೇ ಬಗೆಯ ಪೆಟ್ಟು. ಹಳೆಯ ತಂತಿಯಾದ್ದರಿಂದ ಸ್ವರ ಬಹಳ ಹೊತ್ತು ಗುಂಯ್‌ಗುಡುವುದಿಲ್ಲ, ಬಂತು, ನಿಂತಿತು. ಲಯದ ಮಟ್ಟಿಗೆ ಇದು ದೊಡ್ಡ ವಿಷಯ. ಸ್ವರ ಯಾವಾಗ ಶುರುವಾಗುತ್ತದೆ ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಯಾವಾಗ ನಿಲ್ಲುತ್ತದೆ ಎಂಬುದು ಕೂಡ ಅಷ್ಟೇ ಮುಖ್ಯ. ಭಜನೆಯಲ್ಲಿ ತಾಳ ಬಡಿದು ಹಾಗೇ ಬಿಟ್ಟರೆ ಒಂದು ಸದ್ದು, ಬಡಿದು ತಕ್ಷಣ ಅದುಮಿ ಹಿಡಿದರೆ ಇನ್ನೊಂದು ಸದ್ದು ಅಲ್ಲವೇ? ಹಾಗೆ.

1964ರಲ್ಲಿ ಟೆಂಪ್ಟೇಷನ್ಸ್ ತಂಡಕ್ಕಾಗಿ ರೆಕಾರ್ಡ್ ಆದ ‘ಮೈ ಗರ್ಲ್’ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಹಾಡನ್ನು ಶುರು ಮಾಡುವುದೇ ಬೇಸ್. ಆಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತಿದ ಹಾಗೆ ಏರಿ ಬರುತ್ತದೆ. ಆರಂಭದ ಬೇಸಿನಲ್ಲಿ ಹೆಚ್ಚು ಸ್ವರಗಳೇ ಇಲ್ಲ. ಕಲಿಯುವವರು ಒಂದೇ ದಿನದಲ್ಲಿ ನುಡಿಸಬಲ್ಲರು. ಆದರೆ ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗವನ್ನು ಅವರು ಬಿಟ್ಟ ಹಾಗೆ ಬಿಡಲು ವರ್ಷಗಳು ಬೇಕು.

1967ರ ಹೊತ್ತಿಗೆ ಅವರ ಕೈ ಬಿಚ್ಚಿಕೊಂಡಿತ್ತು. ಫೋರ್ ಟಾಪ್ಸ್ ತಂಡದ ‘ಬರ್ನಡೆಟ್’, ಸ್ಟೀವಿ ವಂಡರ್ ಅವರ ‘ಐ ವಾಸ್ ಮೇಡ್ ಟು ಲವ್ ಹರ್’ ಹಾಡುಗಳಲ್ಲಿ ಬೇಸ್ ಕುಣಿಯುತ್ತದೆ, ಪ್ರಶ್ನೆ ಕೇಳುತ್ತದೆ, ಗಾಯಕರಿಗೆ ಉತ್ತರ ಕೊಡುತ್ತದೆ. ಇಷ್ಟಾದರೂ ಎಲ್ಲಿಯೂ ನಡೆ ತಪ್ಪುವುದಿಲ್ಲ. ಬೆನ್ನಿ ಬೆಂಜಮಿನ್ ಅವರ ಡ್ರಮ್ಮಿಗೂ ಜೇಮರ್ಸನ್ ಬೇಸಿಗೂ ನಡುವೆ ಅಂಥ ಹೊಂದಾಣಿಕೆ. ಹಗಲಿಡೀ ಸ್ಟುಡಿಯೋದಲ್ಲಿ ಒಟ್ಟಿಗೆ, ರಾತ್ರಿ ಕ್ಲಬ್ಬುಗಳಲ್ಲೂ ಒಟ್ಟಿಗೆ ನುಡಿಸಿದ್ದ ಬಳಗ ಅದು. ಯಂತ್ರದ ಟಿಕ್ ಟಿಕ್ ಕೇಳುತ್ತ ಅವರು ಲಯ ಕಲಿತವರಲ್ಲ. ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ಕಲಿತರು.

ಹೆಸರಿಲ್ಲದ ಕವರು

ಈ ಹಾಡುಗಳು ಲಕ್ಷಗಟ್ಟಲೆ ಮಾರಾಟವಾದವು. ಕವರಿನ ಮೇಲೆ ಗಾಯಕರ ಚಿತ್ರ, ಗೀತೆ ಬರೆದವರ ಹೆಸರು, ಕಂಪನಿಯ ಮುದ್ರೆ. ನುಡಿಸಿದವರ ಹೆಸರು? ಇಲ್ಲ. 1960ರ ದಶಕದ ಬಹುಪಾಲು ಮೋಟೌನ್ ರೆಕಾರ್ಡುಗಳಲ್ಲಿ ವಾದಕರ ಹೆಸರೇ ಇಲ್ಲ. ಹಾಡು ಕೇಳಿ ಮರುಳಾದ ಬೇರೆ ಊರಿನ, ಬೇರೆ ದೇಶದ ಬೇಸ್ ವಾದಕರಿಗೆ ಇದನ್ನು ನುಡಿಸಿದ್ದು ಯಾರು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಜಿಲ್ಲಾ ಮಟ್ಟದಲ್ಲಿ ಸುದ್ದಿ ಬರೆಯುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಬೈಕಿನಲ್ಲಿ ನಲವತ್ತು ಕಿಲೋಮೀಟರ್ ಹೋಗಿ, ಜನರನ್ನು ಮಾತಾಡಿಸಿ, ಫೋಟೊ ತೆಗೆದು ಕಳಿಸಿದ ಸುದ್ದಿ ಮರುದಿನ ‘ನಮ್ಮ ಪ್ರತಿನಿಧಿಯಿಂದ’ ಎಂದು ಬರುತ್ತದೆ. ಸುದ್ದಿ ಬಂತಲ್ಲ ಎಂಬ ಖುಷಿ ಇರುತ್ತದೆ. ಮನೆಯವರಿಗೆ ತೋರಿಸಿ ಇದು ನಾನು ಬರೆದದ್ದು ಎಂದರೆ, ಎಲ್ಲಿದೆ ನಿನ್ನ ಹೆಸರು ಎಂದು ಕೇಳುತ್ತಾರೆ. ತೋರಿಸಲು ಏನೂ ಇರುವುದಿಲ್ಲ.

ನಮ್ಮ ಸಿನಿಮಾ ಹಾಡುಗಳ ಕಥೆಯೂ ಬೇರೆಯಲ್ಲ. 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಮೂರು ತಲೆಮಾರು ಗುನುಗಿದೆ. ಇಳಯರಾಜ ಅವರ ಆ ಹಾಡುಗಳಲ್ಲಿ ಬೇಸ್ ಗಿಟಾರ್ ಎಷ್ಟು ಕೆಲಸ ಮಾಡಿದೆ ಎಂದು ಇಯರ್‌ಫೋನ್ ಹಾಕಿ ಕೇಳಿ. ಕ್ಯಾಸೆಟ್ ಕಾಲದ ಕವರುಗಳನ್ನು ನೆನಪಿಸಿಕೊಳ್ಳಿ. ನಟರು, ಗಾಯಕರು, ಸಾಹಿತಿ, ಸಂಗೀತ ನಿರ್ದೇಶಕರು, ಅಲ್ಲಿಗೆ ಮುಗಿಯುತ್ತಿತ್ತು.

ಮೊದಲನೇ ಪೆಟ್ಟು, ಮೂರನೇ ಪೆಟ್ಟು

ಡೆಟ್ರಾಯಿಟಿನಾಚೆಗೂ ಬೇಸ್ ಗಿಟಾರಿನ ಲಯ ಬೇರೆ ಬೇರೆ ರೂಪ ಪಡೆಯಿತು. ಎರಡು ಉದಾಹರಣೆ ಸಾಕು.

ಮೊದಲನೆಯದು ಜೇಮ್ಸ್ ಬ್ರೌನ್ ತಂಡ. ತಪ್ಪು ನುಡಿಸಿದವರಿಗೆ ದಂಡ ಹಾಕುವುದರಲ್ಲಿ ಹೆಸರಾದ ಯಜಮಾನ ಅವರು. 1970ರ ಮಾರ್ಚಿನಲ್ಲಿ ತಂಡದ ಹಲವು ವಾದಕರು ಸಂಬಳ ಮತ್ತು ಕೆಲಸದ ಷರತ್ತುಗಳ ತಕರಾರಿನಿಂದ ಹೊರಟುಹೋದರು. ಬ್ರೌನ್ ತಕ್ಷಣ ಸಿನ್ಸಿನಾಟಿ ನಗರದಿಂದ ಎಳೆಯ ಹುಡುಗರ ತಂಡವೊಂದನ್ನು ವಿಮಾನದಲ್ಲಿ ಕರೆಸಿಕೊಂಡರು. ಬೇಸ್ ನುಡಿಸುತ್ತಿದ್ದ ಬೂಟ್ಸಿ ಕಾಲಿನ್ಸ್‌ಗೆ ಆಗ ಹದಿನೆಂಟು ವರ್ಷ. ಹುಡುಗ ಉತ್ಸಾಹದಲ್ಲಿ ಸ್ವರಗಳ ಮಳೆ ಸುರಿಸುತ್ತಿದ್ದ. ಬ್ರೌನ್ ಹೇಳಿಕೊಟ್ಟದ್ದು ಒಂದೇ ಪಾಠ ಎಂದು ಬೂಟ್ಸಿ ಎಷ್ಟೋ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ: ನಾಲ್ಕು ಪೆಟ್ಟಿನ ಆವರ್ತನದಲ್ಲಿ ಮೊದಲನೇ ಪೆಟ್ಟನ್ನು ನನಗೆ ಸರಿಯಾಗಿ ಕೊಡು, ಉಳಿದದ್ದರಲ್ಲಿ ನಿನಗೆ ಬೇಕಾದ್ದು ಮಾಡಿಕೋ. ನಮ್ಮವರು ಸಮ ಎನ್ನುವ ಜಾಗ ಅದು. ಫಂಕ್ ಸಂಗೀತದ ಅಡಿಪಾಯವೇ ಆ ಪೆಟ್ಟು.

ಎರಡನೆಯದು ಜಮೈಕಾ. ಆಸ್ಟನ್ ಬ್ಯಾರೆಟ್ ಎಂಬ ಹುಡುಗನ ಹತ್ತಿರ ಬೇಸ್ ಕೊಳ್ಳಲು ದುಡ್ಡಿರಲಿಲ್ಲ. ಪ್ಲೈವುಡ್ಡು, ಮರದ ತುಂಡು, ಪರದೆ ಕಟ್ಟುವ ಸರಳಿನ ಎಳೆ ಸೇರಿಸಿ ತಾನೇ ಒಂದನ್ನು ಮಾಡಿಕೊಂಡ. ಅಣ್ಣ ಆಸ್ಟನ್ ಬೇಸಿನಲ್ಲಿ, ತಮ್ಮ ಕಾರ್ಲ್ಟನ್ ಡ್ರಮ್ಮಿನಲ್ಲಿ, ಮುಂದೆ ಬಾಬ್ ಮಾರ್ಲೆಯ ಹಾಡು. ಅವರ ರೆಗ್ಗೆ ಸಂಗೀತದ ‘ಒನ್ ಡ್ರಾಪ್’ ಎಂಬ ನಡೆಯಲ್ಲಿ ಡ್ರಮ್ಮಿನ ಭಾರೀ ಪೆಟ್ಟು ಬೀಳುವುದು ಮೂರನೆಯದಕ್ಕೆ. ಬ್ರೌನ್ ಅಷ್ಟು ಒತ್ತು ಕೊಟ್ಟ ಮೊದಲನೇ ಪೆಟ್ಟು ಇಲ್ಲಿ ಖಾಲಿ. ಬೇಸ್ ಆ ಖಾಲಿಯ ಸುತ್ತ ಓಡಾಡುತ್ತದೆ. ಎರಡೂ ನಾಲ್ಕು ಪೆಟ್ಟಿನ ಸಂಗೀತವೇ. ಒತ್ತು ಎಲ್ಲಿ, ಮೌನ ಎಲ್ಲಿ ಎಂಬುದರಲ್ಲೇ ಎರಡು ಬೇರೆ ಬೇರೆ ಲೋಕಗಳು ಹುಟ್ಟಿದವು.

ಬ್ಯಾರೆಟ್ ಮುಂದೆ ತಮ್ಮ ಪಾಲಿನ ರಾಯಧನಕ್ಕಾಗಿ ಲಂಡನ್ನಿನ ಹೈಕೋರ್ಟಿಗೆ ಹೋದರು. 2006ರಲ್ಲಿ ಸೋತರು. 1994ರಲ್ಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿ ಹಕ್ಕು ಬಿಟ್ಟುಕೊಟ್ಟಿದ್ದಾರೆ ಎಂಬುದು ಅವರಿಗೆ ಮುಳುವಾಯಿತು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಕಾಲ ಅಳೆಯುವ ಯಂತ್ರ

ಲಯ ಅಭ್ಯಾಸ ಎಂದ ಕೂಡಲೇ ಇವತ್ತು ಎಲ್ಲರೂ ಹೇಳುವುದು ಮೆಟ್ರೊನೋಮ್ ಹಾಕಿಕೋ ಎಂದು. ಮೊಬೈಲಿನಲ್ಲಿ ಉಚಿತವಾಗಿಯೇ ಸಿಗುತ್ತದೆ. ನಿಮಿಷಕ್ಕೆ ಇಷ್ಟು ಎಂದು ಹೇಳಿದರೆ ಅಷ್ಟು ಸಲ ಟಿಕ್ ಎನ್ನುತ್ತದೆ. ಈ ಯಂತ್ರದ ಹುಟ್ಟಿನ ಕಥೆಯಲ್ಲೂ ಹೆಸರಿನದೇ ಜಗಳ.

1814ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡೀಟ್ರಿಕ್ ವಿಂಕೆಲ್ ಎಂಬುವರು ಒಂದು ವಿಷಯ ಕಂಡುಕೊಂಡರು. ಲೋಲಕದ ಎರಡೂ ತುದಿಗೆ ಭಾರ ಇಟ್ಟರೆ ಚಿಕ್ಕ ಕಡ್ಡಿಯೂ ನಿಧಾನವಾಗಿ ತೂಗಬಲ್ಲದು. ಅಲ್ಲಿಯವರೆಗೆ ನಿಧಾನದ ಲಯಕ್ಕೆ ಮಾರುದ್ದದ ಲೋಲಕ ಬೇಕಾಗುತ್ತಿತ್ತು. ಯೋಹಾನ್ ಮೆಲ್ಜೆಲ್ ಎಂಬ ಚತುರ ಯಂತ್ರಗಾರ ಅದನ್ನು ನೋಡಿ, ಅದಕ್ಕೆ ಅಳತೆಪಟ್ಟಿ ಸೇರಿಸಿ, 1815ರಲ್ಲಿ ತನ್ನ ಹೆಸರಿಗೆ ಹಕ್ಕುಪತ್ರ ಪಡೆದ. ವಿಂಕೆಲ್ ದೂರು ಕೊಟ್ಟರು, ಮೂಲ ಆಲೋಚನೆ ಅವರದ್ದೇ ಎಂದು ಡಚ್ ವಿದ್ವಾಂಸರ ಮಂಡಳಿ ಒಪ್ಪಿತು ಕೂಡ. ಆ ಹೊತ್ತಿಗೆ ಮೆಲ್ಜೆಲ್ ಹೆಸರು ಊರೆಲ್ಲ ಹರಡಿತ್ತು. 1817ರಲ್ಲಿ ಬೀಥೋವನ್ ತಮ್ಮ ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿ ಕೊಟ್ಟರು. ಪಾಶ್ಚಾತ್ಯ ಸ್ವರಲಿಪಿಯ ಮೇಲೆ ಈಗಲೂ ಕಾಣುವ ಎರಡು ‘ಎಂ’ ಅಕ್ಷರಗಳು ಮೆಲ್ಜೆಲನ ಮೆಟ್ರೊನೋಮ್ ಎಂಬುದರ ಗುರುತು.

1980ರ ಸುಮಾರಿಗೆ ಯಂತ್ರ ಅಳೆಯುವುದನ್ನು ಬಿಟ್ಟು ನುಡಿಸಲಿಕ್ಕೇ ಬಂತು. ರೋಜರ್ ಲಿನ್ ಅವರ ಡ್ರಮ್ ಯಂತ್ರ, ಜಪಾನಿನ ರೋಲಂಡ್ ಕಂಪನಿಯ ಟಿಆರ್-808 ಬಂದದ್ದು 1980ರಲ್ಲಿ. ಅದರ ಬೆನ್ನಿಗೇ ಅದೇ ಕಂಪನಿ ಬೇಸ್ ವಾದಕರಿಲ್ಲದೆ ಬೇಸ್ ಒದಗಿಸುವ ಟಿಬಿ-303 ಎಂಬ ಪೆಟ್ಟಿಗೆ ತಂತು. ಬೇಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ. ಮಾರಾಟ ಬಿದ್ದು 1984ಕ್ಕೆ ತಯಾರಿಕೆ ನಿಂತಿತು. ಅದೇ ಪೆಟ್ಟಿಗೆಯನ್ನು ಮುಂಬೈ ಸಿನಿಮಾ ಸಂಗೀತದ ವಾದಕ ಚರಣ್‌ಜೀತ್ ಸಿಂಗ್ 1982ರಲ್ಲೇ ಬಳಸಿ ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ರೆಕಾರ್ಡ್ ಮಾಡಿದ್ದರು. ಆಗ ಯಾರೂ ಕೇಳಲಿಲ್ಲ. ಸುಮಾರು ಮೂರು ದಶಕದ ನಂತರ ಆ ರೆಕಾರ್ಡು ಮತ್ತೆ ಹೊರಬಂದಾಗ ಯುರೋಪಿನ ಜನ ಬೆರಗಾದರು.

ಬಾಲ್ಕನಿಯ ಸೀಟು

ಮತ್ತೆ ಡೆಟ್ರಾಯಿಟಿಗೆ ಬರೋಣ. ಬೆನ್ನಿ ಬೆಂಜಮಿನ್ 1969ರಲ್ಲಿ ತೀರಿಕೊಂಡರು. 1971ರಲ್ಲಿ ಮಾರ್ವಿನ್ ಗೇ ತಮ್ಮ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಕವರಿನಲ್ಲಿ ವಾದಕರ ಹೆಸರುಗಳನ್ನು ಮುದ್ರಿಸಿದರು. ಜೇಮರ್ಸನ್ ಹೆಸರಿನ ಹಿಂದೆ ಹೋಲಿಕೆಯಿಲ್ಲದವರು ಎಂಬ ವಿಶೇಷಣವನ್ನೂ ಹಾಕಿಸಿದರು. ಕಂಪನಿಗೆ ಸೇರಿ ಹನ್ನೆರಡು ವರ್ಷಗಳ ನಂತರ ಬಂದ ಹೆಸರು. ಆ ಆಲ್ಬಮ್ಮಿನ ಶೀರ್ಷಿಕೆ ಗೀತೆ ರೆಕಾರ್ಡ್ ಆದ ರಾತ್ರಿ ಅವರನ್ನು ಕ್ಲಬ್ಬಿನಿಂದ ಹುಡುಕಿ ಕರೆತಂದರಂತೆ. ಕುಡಿದಿದ್ದರಿಂದ ಕೂರಲಾಗದೆ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರಂತೆ. ಕಥೆ ಹಾಗೆ ಹೇಳುತ್ತದೆ. ರೆಕಾರ್ಡು ಕೇಳಿದರೆ ಒಂದು ಸ್ವರವೂ ಅಲುಗುವುದಿಲ್ಲ.

1972ರಲ್ಲಿ ಮೋಟೌನ್ ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಕೆಲಸಕ್ಕೆ ಬಂದ ವಾದಕರು ಸ್ಟುಡಿಯೋ ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿ ವಿಷಯ ತಿಳಿದುಕೊಂಡೆವು ಎಂದು ನೆನಪಿಸಿಕೊಂಡಿದ್ದಾರೆ. ಜೇಮರ್ಸನ್ ಕೂಡ ಲಾಸ್ ಏಂಜಲೀಸಿಗೆ ಹೋದರು. ಅಲ್ಲಿ ಬಳಗ ಇರಲಿಲ್ಲ, ರಾತ್ರಿಯ ಕ್ಲಬ್ಬು ಇರಲಿಲ್ಲ. ಹೊಸ ತಂತಿ ಹಾಕಿ, ಹೊಸ ಶೈಲಿಯಲ್ಲಿ ನುಡಿಸಿ ಎನ್ನುವವರು ಇದ್ದರು. ಕೆಲಸ ಕಡಿಮೆಯಾಯಿತು, ಕುಡಿತ ಹೆಚ್ಚಾಯಿತು.

1983ರ ಮಾರ್ಚಿನಲ್ಲಿ ಮೋಟೌನ್ ಕಂಪನಿಯ 25ನೇ ವರ್ಷದ ದೊಡ್ಡ ಟಿವಿ ಸಮಾರಂಭ ನಡೆಯಿತು. ತಾವೇ ಬೇಸ್ ನುಡಿಸಿದ್ದ ಹಾಡುಗಳು ವೇದಿಕೆಯ ಮೇಲೆ ನಡೆಯುತ್ತಿದ್ದಾಗ ಜೇಮರ್ಸನ್ ಬಾಲ್ಕನಿಯಲ್ಲಿ ಪ್ರೇಕ್ಷಕರ ನಡುವೆ ಕೂತಿದ್ದರು. ಕೆಲವು ತಿಂಗಳಲ್ಲಿ ಅವರ 1962ರ ಬೇಸ್ ಕಳವಾಯಿತು. ಅದು ಮತ್ತೆ ಸಿಗಲಿಲ್ಲ. ಆಗಸ್ಟ್ 2ರಂದು ಅವರೂ ತೀರಿಕೊಂಡರು. ವಯಸ್ಸು 47.

ಹೆಸರು ಆಮೇಲೆ ಬಂತು. 1989ರಲ್ಲಿ ಅವರ ಬದುಕು ಮತ್ತು ನುಡಿಸಾಣಿಕೆಯ ಬಗ್ಗೆ ಅಲನ್ ಸ್ಲಟ್ಸ್‌ಕಿ ಒಂದು ಪುಸ್ತಕ ತಂದರು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರಿಗಾಗಿ ಹೊಸ ವಿಭಾಗ ತೆರೆದಾಗ ಮೊದಲ ಸಾಲಿನಲ್ಲೇ ಅವರನ್ನು ಸೇರಿಸಿತು. 2002ರಲ್ಲಿ ಫಂಕ್ ಬ್ರದರ್ಸ್ ಕುರಿತ ಸಾಕ್ಷ್ಯಚಿತ್ರ ಬಂತು.

ಕಲಿಯುವವರಿಗೆ

ನಿಮ್ಮೂರಲ್ಲಿ ಯಾರಾದರೂ ಹುಡುಗ ಹುಡುಗಿಯರು ಬೇಸ್ ಗಿಟಾರ್ ಹಿಡಿದಿದ್ದರೆ, ಅಥವಾ ಕೀಬೋರ್ಡಿನ ಎಡಗೈಯಲ್ಲಿ ಬೇಸ್ ನುಡಿಸುತ್ತಿದ್ದರೆ, ಈ ಇತಿಹಾಸದಿಂದ ತೆಗೆದುಕೊಳ್ಳಬಹುದಾದ ಕೆಲವು ಮಾತುಗಳು ಇಲ್ಲಿವೆ.

ಮೊದಲು ನಿಧಾನ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಒಂದೇ ಸ್ವರ ನುಡಿಸಿ. ಎರಡು ಪೆಟ್ಟಿನ ನಡುವೆ ಒಂದು ಸೆಕೆಂಡ್. ಆ ಒಂದು ಸೆಕೆಂಡ್ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ. ಖಾಲಿ ಬಿಟ್ಟರೆ ಕೈ ಅವಸರ ಮಾಡುತ್ತದೆ. ಅದಕ್ಕೆ ಬಾಯಲ್ಲಿ ‘ತಕದಿಮಿ’ ಎಂದು ನಾಲ್ಕು ಪಾಲು ಮಾಡಿಕೊಳ್ಳಿ. ಮೃದಂಗದವರು ಕಲಿಯುವ ದಾರಿ ಇದು, ಬೇಸಿಗೂ ಇದೇ ದಾರಿ.

ಎರಡನೆಯದು, ಯಂತ್ರದ ಸಹಾಯವನ್ನು ಕ್ರಮೇಣ ಕಡಿಮೆ ಮಾಡಿ. 80ರ ವೇಗದ ಹಾಡಿಗೆ ಯಂತ್ರವನ್ನು 40ಕ್ಕೆ ಇಡಿ. ಟಿಕ್ ಎನ್ನುವುದನ್ನು ಎರಡು ಮತ್ತು ನಾಲ್ಕನೇ ಪೆಟ್ಟು ಎಂದುಕೊಳ್ಳಿ. ಒಂದು ಮತ್ತು ಮೂರು ನಿಮ್ಮ ಜವಾಬ್ದಾರಿ. ಅದು ಬಂದ ಮೇಲೆ 120ರ ಹಾಡಿಗೆ 30ಕ್ಕೆ ಇಡಿ. ನಾಲ್ಕು ಪೆಟ್ಟಿಗೆ ಒಂದೇ ಟಿಕ್. ಉಳಿದ ಮೂರು ನೀವೇ ಹೊರಬೇಕು. ಟಿಕ್ ಬಂದಾಗ ನೀವು ಮೊದಲೇ ಬಂದಿದ್ದೀರೋ, ತಡವಾಗಿದ್ದೀರೋ ಎಂಬುದು ತಕ್ಷಣ ತಿಳಿಯುತ್ತದೆ.

ಮೂರನೆಯದು, ಸ್ವರ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಅದೇ ನಾಲ್ಕು ಪೆಟ್ಟನ್ನು ಒಮ್ಮೆ ಉದ್ದುದ್ದ ನುಡಿಸಿ, ಒಮ್ಮೆ ಚುಟುಕಾಗಿ ನುಡಿಸಿ. ಹಾಡಿನ ನಡಿಗೆಯೇ ಬದಲಾಗುವುದನ್ನು ಕೇಳುವಿರಿ.

ನಾಲ್ಕನೆಯದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮರುದಿನ ಕೇಳಿ, ಇಯರ್‌ಫೋನಿನಲ್ಲೇ ಕೇಳಿ. ನುಡಿಸುವಾಗ ಸರಿ ಅನ್ನಿಸಿದ್ದು ಮರುದಿನ ಬೇರೆಯೇ ಕೇಳಿಸುತ್ತದೆ. ಜೋಶಿನ ಜಾಗದಲ್ಲಿ ಕೈ ಓಡುವುದು, ನಿಧಾನದ ಜಾಗದಲ್ಲಿ ಜಗ್ಗುವುದು ಎಲ್ಲರಿಗೂ ಆಗುತ್ತದೆ.

ಕೊನೆಯದು, ಜೊತೆಗೆ ಕೂತು ನುಡಿಸಿ. ಡ್ರಮ್ ನುಡಿಸುವವರ ಬಲಗಾಲಿನ ಮೇಲೆ ಕಣ್ಣಿಡಿ. ಅವರ ಕಾಲು ಕೆಳಗಿನ ದೊಡ್ಡ ಡ್ರಮ್ಮಿಗೆ ಬಿದ್ದ ಕ್ಷಣ ಮತ್ತು ನಿಮ್ಮ ಬೆರಳು ತಂತಿಗೆ ಬಿದ್ದ ಕ್ಷಣ ಒಂದಾದಾಗ ಎರಡು ವಾದ್ಯ ಎಂದು ಗೊತ್ತಾಗುವುದೇ ಇಲ್ಲ. ಡ್ರಮ್ ಇಲ್ಲದಿದ್ದರೆ ಭಜನಾ ಮಂಡಳಿಯ ತಬಲಾದವರ ಪಕ್ಕದಲ್ಲಿ ಕೂರಿ. ಡೆಟ್ರಾಯಿಟಿನ ಆ ಬಳಗ ಕಲಿತದ್ದು ಒಬ್ಬರ ಪಕ್ಕ ಒಬ್ಬರು ಕೂತೇ.

ನಿಮ್ಮ ತಂಡದ ಹಾಡನ್ನು ಯೂಟ್ಯೂಬಿಗೆ ಹಾಕುವಾಗ ಇನ್ನೊಂದು ಕೆಲಸ ಮಾಡಿ. ಹಾಡಿನ ಕೆಳಗೆ ವಿವರ ಬರೆಯಲು ಜಾಗ ಇರುತ್ತದೆ. ಹಾಡಿದವರ ಹೆಸರಾದ ಮೇಲೆ ಬೇಸ್ ಯಾರು, ರಿದಮ್ ಪ್ಯಾಡ್ ಯಾರು, ತಬಲಾ ಯಾರು ಎಂದೂ ಬರೆಯಿರಿ. ಹತ್ತು ಸೆಕೆಂಡಿನ ಕೆಲಸ. ಜೇಮರ್ಸನ್ ಅದಕ್ಕಾಗಿ ಹನ್ನೆರಡು ವರ್ಷ ಕಾದಿದ್ದರು.